ವಲಸೆಯ ದಾರಿಯಲ್ಲಿ ಜ್ವರದ ಲೆಕ್ಕ

(ತೆಂಗಳಿಯಲ್ಲಿ ಗುಡ್ಡದ ಹಳ್ಳಿಗಳ ಗ್ರಾಮಸ್ಥರು ಹಾಗೂ ವಿದ್ಯಾರ್ಥಿಗಳ ಮುಂದೆ ಮಾಡಿದ ಉಪನ್ಯಾಸದ ಬರಹರೂಪ)



ತೊಗರಿಯ ಬಗ್ಗೆ ಮಾತನಾಡಬೇಕಾದವನು ಜ್ವರದ ಬಗ್ಗೆ ಮಾತನಾಡಲು ಏಕೆ ನಿಂತಿದ್ದಾನೆ ಎಂಬ ಪ್ರಶ್ನೆ ನಿಮ್ಮಲ್ಲಿ ಮೂಡಿದ್ದರೆ ಅದು ಸಹಜ. ನಾನು ವೈದ್ಯನಲ್ಲ. ನಾನು ಕಲಿತದ್ದು ಬೆಳೆಯ ವಿದ್ಯೆ. ಅದರಲ್ಲೂ ಬೆಳೆಗೆ ತಗಲುವ ಕೀಟ ಮತ್ತು ರೋಗಗಳ ವಿದ್ಯೆ. ಆದರೆ ಬೆಳೆಯ ರೋಗವನ್ನು ಕಾಯುವ ಕ್ರಮದಲ್ಲಿ ನಾವು ರೈತರೊಡನೆ ಕೂಡಿ ಕಲಿತ ಒಂದು ಪಾಠ, ಮನುಷ್ಯರ ರೋಗವನ್ನು ಕಾಯುವ ಕ್ರಮದಲ್ಲಿ ಮರೆತುಹೋಗಿದೆ ಎಂದು ನನಗೆ ಬಹುಕಾಲದಿಂದ ಅನ್ನಿಸುತ್ತ ಬಂದಿದೆ. ಆ ಪಾಠವನ್ನು ನಿಮ್ಮ ಮುಂದಿಡಲು ಇಂದು ನಿಂತಿದ್ದೇನೆ.

ತೊಗರಿ ಹೂವಾಡುವ ಕಾಲಕ್ಕೆ ನಾವು ಹೊಲದಲ್ಲಿ ಮೋಹಕ ಬಲೆ ಕಟ್ಟುತ್ತೇವೆ. ಕಾಯಿಕೊರಕ ಹುಳುವಿನ ಗಂಡು ಪತಂಗ ಅದರ ವಾಸನೆಗೆ ಬಂದು ಬೀಳುತ್ತದೆ. ರೈತ ದಿನವೂ ಬೀಳುವ ಪತಂಗಗಳನ್ನು ಎಣಿಸುತ್ತಾನೆ. ಎಣಿಕೆ ಏರಿತೆಂದರೆ ಮೊಟ್ಟೆ, ಕೀಡೆ ಬರಲಿವೆ ಎಂದು ತಿಳಿದು ಸಿದ್ಧನಾಗುತ್ತಾನೆ. ಈ ಪತಂಗ ಬಹಳ ದೂರ ಹಾರಬಲ್ಲದು. ಎಲ್ಲಿಂದ ಬಂತು, ಯಾರ ಹೊಲದಿಂದ ಹಾರಿತು ಎಂದು ನಾವು ಜಗಳ ತೆಗೆಯುವುದಿಲ್ಲ. 1997-98ರ ಹಂಗಾಮಿನಲ್ಲಿ ಈ ಕೀಡೆಯ ಹಾವಳಿಯಿಂದ ನಮ್ಮ ಜಿಲ್ಲೆಯ ತೊಗರಿ ಬೆಳೆಗಾರರು ತತ್ತರಿಸಿದರು. ವಿಷ ಸಿಂಪಡಿಸಿಯೂ ಕೀಡೆ ಸಾಯದೆಹೋದಾಗ ಗಿಡವನ್ನು ಅಲುಗಿಸಿ ಕೀಡೆಗಳನ್ನು ತಾಡಪತ್ರಿಯ ಮೇಲೆ ಉದುರಿಸುವ ಉಪಾಯ ಇದೇ ಸೀಮೆಯಲ್ಲಿ ಬಳಕೆಗೆ ಬಂತು. ಅಂದರೆ ಎಣಿಸಿದ್ದು, ಕಾದದ್ದು, ಅಲುಗಿಸಿದ್ದು ಎಲ್ಲವೂ ಬೆಳೆಯ ರಕ್ಷಣೆಗಾಗಿ. ರೋಗ ಹತ್ತಿದ ಗಿಡದ ಮೇಲೆ ಯಾರಿಗೂ ಸಿಟ್ಟು ಬಂದಿರಲಿಲ್ಲ.

ಮನುಷ್ಯರ ರೋಗವನ್ನು ಹೀಗೆ ಎಣಿಸಿ ಕಾಯುವುದಕ್ಕೆ ಸರ್ಕಾರಿ ಭಾಷೆಯಲ್ಲಿ ರೋಗ ಸರ್ವೇಕ್ಷಣೆ ಎನ್ನುತ್ತಾರೆ. ಪತ್ರಿಕೆಗಳು ಕಣ್ಗಾವಲು ಎಂದು ಬರೆಯುತ್ತವೆ. ಕಾವಲು ಎಂಬ ಪದಕ್ಕೆ ನಮ್ಮ ಬದುಕಿನಲ್ಲಿ ಎರಡು ಅರ್ಥಗಳಿವೆ. ಜೋಳದ ಹೊಲದ ಮಂಚಿಕೆಯ ಮೇಲೆ ಕುಳಿತು ತೆನೆಗಾಗಿ ಕಾಯುವುದು ಒಂದು ಕಾವಲು. ಸೆರೆಮನೆಯ ಬಾಗಿಲಲ್ಲಿ ನಿಂತು ಕೈದಿ ಓಡಿಹೋಗದಂತೆ ಕಾಯುವುದು ಇನ್ನೊಂದು ಕಾವಲು. ದುಡಿಯಲು ಊರು ಬಿಟ್ಟು ಹೋಗುವವರ ರೋಗವನ್ನು ನಾವು ಯಾವ ರೀತಿಯಲ್ಲಿ ಕಾಯುತ್ತಿದ್ದೇವೆ? ಇಂದಿನ ನನ್ನ ಮಾತೆಲ್ಲ ಈ ಒಂದು ಪ್ರಶ್ನೆಯ ಸುತ್ತಲೇ ಇದೆ.

ಮೊದಲು ನಮ್ಮ ಸೀಮೆಯ ಚಿತ್ರವನ್ನು ಕಣ್ಣ ಮುಂದೆ ತಂದುಕೊಳ್ಳೋಣ. ಚಿಂಚೋಳಿಯ ಗುಡ್ಡಗಳಲ್ಲಿ ಮಣ್ಣಿನ ಆಳ ಕಡಿಮೆ, ನೀರಾವರಿ ವಿರಳ. ಮೃಗಶಿರಾ ಮಳೆಗೆ ಬಿತ್ತಿದ ತೊಗರಿ ಪುಷ್ಯ ಮಾಸದ ಹೊತ್ತಿಗೆ ಕೊಯ್ಲಿಗೆ ಬರುತ್ತದೆ. ಎಳ್ಳಮಾವಾಸ್ಯೆಗೆ ಹೊಲದಲ್ಲಿ ಚರಗ ಚೆಲ್ಲಿ, ರಾಶಿ ಮುಗಿಸಿದ ಮೇಲೆ ಗುಡ್ಡದ ತಾಂಡಾಗಳಲ್ಲಿ ಕೆಲಸ ಉಳಿಯುವುದಿಲ್ಲ. ಆಗ ಹಾಸಿಗೆಯ ಗಂಟು, ಪಾತ್ರೆಯ ಚೀಲ, ಕಂಕುಳಲ್ಲಿ ಕೂಸು ಇವಿಷ್ಟನ್ನು ಹೊತ್ತು ಜನ ಹೊರಡುತ್ತಾರೆ. ಮುಂಬೈ, ಪುಣೆ, ಹೈದರಾಬಾದು, ಬೆಂಗಳೂರು, ಮಂಗಳೂರು. ಕೆಲವರು ಕಬ್ಬು ಕಡಿಯಲು, ಹಲವರು ಕಟ್ಟಡದ ಕೆಲಸಕ್ಕೆ. ಮುಂಬೈಯ ಹಳಿಗೆ ಹೈದರಾಬಾದಿನ ಹಳಿ ಕೂಡುವ ವಾಡಿ ಜಂಕ್ಷನ್ ನಮ್ಮ ಪಕ್ಕದಲ್ಲೇ ಇದೆ. ಯುಗಾದಿಗೆ ಕೆಲವರು, ಮುಂಗಾರಿನ ಮುನ್ನ ಬಹುಮಂದಿ ಹಿಂತಿರುಗುತ್ತಾರೆ. ಹಿಂತಿರುಗದೆ ಅಲ್ಲಿಯೇ ನಿಂತವರೂ ಇದ್ದಾರೆ.

ಇದು ಚಿತ್ರದ ಅರ್ಧ ಭಾಗ ಮಾತ್ರ. ಇದೇ ವಾಡಿ, ಸೇಡಂ, ಮಳಖೇಡಗಳ ಸಿಮೆಂಟ್ ಕಾರ್ಖಾನೆಗಳಿಗೆ, ಶಹಾಬಾದ್ ಮತ್ತು ಚಿತ್ತಾಪುರದ ಕಲ್ಲಿನ ಗಣಿಗಳಿಗೆ ಬೇರೆ ಬೇರೆ ರಾಜ್ಯಗಳಿಂದ ಕಾರ್ಮಿಕರು ಬರುತ್ತಾರೆ. ಅವರ ಭಾಷೆ ನಮಗೆ ತಿಳಿಯದು, ನಮ್ಮ ಭಾಷೆ ಅವರಿಗೆ ತಿಳಿಯದು. ಹೀಗಾಗಿ ನಾವು ಜನರನ್ನು ಕಳಿಸಿಕೊಡುವ ಸೀಮೆಯವರೂ ಹೌದು, ಜನರನ್ನು ಬರಮಾಡಿಕೊಳ್ಳುವ ಸೀಮೆಯವರೂ ಹೌದು. ಮುಂಬೈಯಲ್ಲಿ ನಮ್ಮವರಿಗೆ ಯಾವ ನ್ಯಾಯ ಸಿಗಬೇಕೆಂದು ನಾವು ಬಯಸುತ್ತೇವೆಯೋ, ವಾಡಿಯ ಕಾರ್ಮಿಕರ ಶೆಡ್ಡುಗಳಲ್ಲಿ ಇರುವ ಹೊರರಾಜ್ಯದವರಿಗೆ ಅದೇ ನ್ಯಾಯವನ್ನು ನಾವು ಕೊಡಬೇಕಾಗುತ್ತದೆ.

ಈಗ ಎಣಿಕೆಯ ವ್ಯವಸ್ಥೆಯತ್ತ ಬರೋಣ. 2004ರಲ್ಲಿ ಕೇಂದ್ರ ಸರ್ಕಾರ ಸಮಗ್ರ ರೋಗ ಸರ್ವೇಕ್ಷಣಾ ಯೋಜನೆಯನ್ನು ಆರಂಭಿಸಿತು. ಅದರಲ್ಲಿ ಮೂರು ನಮೂನೆಗಳಿವೆ. ಹಳ್ಳಿಯ ಆರೋಗ್ಯ ಕಾರ್ಯಕರ್ತೆ ಲಕ್ಷಣ ನೋಡಿ ಶಂಕಿಸಿದ್ದು ಒಂದು ನಮೂನೆಯಲ್ಲಿ, ವೈದ್ಯರು ಪರೀಕ್ಷಿಸಿ ಇರಬಹುದೆಂದದ್ದು ಎರಡನೆಯದರಲ್ಲಿ, ಪ್ರಯೋಗಾಲಯ ಖಚಿತಪಡಿಸಿದ್ದು ಮೂರನೆಯದರಲ್ಲಿ. ವಾರಕ್ಕೊಮ್ಮೆ ಕಾಗದದಲ್ಲಿ ಹೋಗುತ್ತಿದ್ದ ಈ ಲೆಕ್ಕ ಗಣಕಯಂತ್ರಕ್ಕೆ ಏರುವ ಹೊಸ ವ್ಯವಸ್ಥೆ 2018ರಲ್ಲಿ ಕರ್ನಾಟಕವೂ ಸೇರಿದಂತೆ ಏಳು ರಾಜ್ಯಗಳಲ್ಲಿ ಪ್ರಾಯೋಗಿಕವಾಗಿ ಆರಂಭವಾಗಿ, 2021ರಲ್ಲಿ ದೇಶಕ್ಕೆಲ್ಲ ವಿಸ್ತರಿಸಿತು. ಇದು ಒಳ್ಳೆಯ ವ್ಯವಸ್ಥೆ. ಒಂದು ಊರಿನಲ್ಲಿ ವಾಂತಿಭೇದಿ ಎದ್ದರೆ ಜಿಲ್ಲಾ ಕೇಂದ್ರಕ್ಕೆ ಬೇಗ ತಿಳಿಯುತ್ತದೆ.

ಆದರೆ ಈ ವ್ಯವಸ್ಥೆಯ ಬುನಾದಿಯಲ್ಲಿ ಒಂದು ಊಹೆ ಇದೆ: ಮನುಷ್ಯ ಒಂದು ಊರಿನಲ್ಲಿ ಇರುತ್ತಾನೆ, ಆ ಊರಿಗೆ ಒಬ್ಬ ಆಶಾ ಕಾರ್ಯಕರ್ತೆ ಇರುತ್ತಾಳೆ, ಆಕೆಯ ಪಟ್ಟಿಯಲ್ಲಿ ಅವನ ಮನೆ ಇರುತ್ತದೆ ಎಂಬುದು ಆ ಊಹೆ. ವಲಸೆ ಹೋದವನು ಎರಡು ಊರುಗಳ ನಡುವೆ ಬದುಕುತ್ತಾನೆ. ಊರಿನ ಆಶಾ ಅಕ್ಕ ಮನೆಗೆ ಬಂದಾಗ ಬೀಗ ಕಾಣುತ್ತದೆ. ಅವನು ದುಡಿಯುವ ನಗರದಲ್ಲಿ ಅವನ ತಗಡಿನ ಶೆಡ್ಡಿಗೆ ಮನೆ ಸಂಖ್ಯೆಯೇ ಇಲ್ಲ. ಅಲ್ಲಿಯ ಕಾರ್ಯಕರ್ತೆ ಬರುವ ಹೊತ್ತಿಗೆ ಅವನು ಕೆಲಸದ ಮೇಲಿರುತ್ತಾನೆ. ಎರಡೂ ಕಡೆಯ ಪುಸ್ತಕಗಳಲ್ಲಿ ಅವನು ಕಾಣಿಸುವುದಿಲ್ಲ. ಲೆಕ್ಕದಲ್ಲಿ ಇಲ್ಲದವನಿಗೆ ಔಷಧವೂ ತಲುಪುವುದಿಲ್ಲ.

ಹೊತ್ತು ಅರಿಯದೆ ಎಣಿಸಿದರೆ ಇರುವುದೂ ಇಲ್ಲದಂತೆ ತೋರುತ್ತದೆ ಎಂಬುದಕ್ಕೆ ನಮ್ಮ ಜಿಲ್ಲೆಯಲ್ಲೇ ಒಂದು ಸಾಕ್ಷಿ ಇದೆ. ಕಲಬುರಗಿ ಆನೆಕಾಲು ರೋಗ ಇರುವ ಜಿಲ್ಲೆ. ಈ ರೋಗದ ಮರಿಹುಳುಗಳು ಹಗಲಿನಲ್ಲಿ ದೇಹದ ಒಳಗಿನ ರಕ್ತನಾಳಗಳಲ್ಲಿ, ಮುಖ್ಯವಾಗಿ ಶ್ವಾಸಕೋಶದಲ್ಲಿ, ಅಡಗಿ ರಾತ್ರಿಯ ಹೊತ್ತು ಹೊರ ರಕ್ತನಾಳಗಳಿಗೆ ಬರುತ್ತವೆ. ಅವನ್ನು ಹೀರಿ ಹರಡುವ ಕ್ಯೂಲೆಕ್ಸ್ ಸೊಳ್ಳೆ ಕಚ್ಚುವುದೂ ರಾತ್ರಿಯೇ. ಆದ್ದರಿಂದಲೇ ಆರೋಗ್ಯ ಇಲಾಖೆಯವರು ಜನ ಊಟ ಮಾಡಿ ಮಲಗುವ ಹೊತ್ತಿಗೆ ಬಂದು ಬೆರಳಿನ ರಕ್ತ ತೆಗೆಯುತ್ತಾರೆ. ಹಗಲಿನಲ್ಲಿ ತೆಗೆದರೆ ಸೋಂಕು ಇದ್ದವನ ರಕ್ತವೂ ಶುದ್ಧವಾಗಿಯೇ ಕಾಣಬಹುದು. ಹುಳುವಿಗೆ ಒಂದು ಹೊತ್ತು ಇರುವಂತೆ ಜನರಿಗೂ ಒಂದು ಹೊತ್ತು ಇದೆ. ಈ ರೋಗದ ಗುಳಿಗೆಗಳನ್ನು ವರ್ಷಕ್ಕೊಮ್ಮೆ ಎಲ್ಲರಿಗೂ ನುಂಗಿಸುವ ಕಾರ್ಯಕ್ರಮ ನಡೆಯುತ್ತದೆ. ಆ ಕಾರ್ಯಕ್ರಮ ತಾಂಡಾ ಖಾಲಿಯಾಗಿರುವ ತಿಂಗಳಲ್ಲಿ ಬಂದರೆ ದುಡಿಯುವ ವಯಸ್ಸಿನವರೆಲ್ಲ ಅದರಿಂದ ತಪ್ಪಿಹೋಗುತ್ತಾರೆ. ಉಳಿದ ಮುದುಕರು, ಮಕ್ಕಳು ಗುಳಿಗೆ ನುಂಗಿದ್ದಾರೆಂದು ಪುಸ್ತಕದಲ್ಲಿ ಕಾರ್ಯಕ್ರಮ ಪೂರ್ಣವಾಗುತ್ತದೆ. ಹುಳುವಿನ ಹೊತ್ತನ್ನು ಗೌರವಿಸಿದ ವಿಜ್ಞಾನಕ್ಕೆ ದುಡಿಯುವವನ ಹೊತ್ತನ್ನು ಗೌರವಿಸುವುದು ಕಷ್ಟವಾಗಬೇಕಾಗಿಲ್ಲ.

ಹೊತ್ತಿನ ಮಾತಾಯಿತು; ಇನ್ನು ದಾರಿಯ ಮಾತು. ಮಂಗಳೂರಿನ ಉದಾಹರಣೆ ನೋಡಿ. 1990ರ ದಶಕದಿಂದ ಆ ನಗರದಲ್ಲಿ ಕಟ್ಟಡಗಳು ಏಳುತ್ತ ಹೋದಂತೆ ಮಲೇರಿಯಾ ಕೂಡ ಏರಿತು. ಕಟ್ಟಡ ಕೆಲಸಕ್ಕೆ ಉತ್ತರ ಕರ್ನಾಟಕದಿಂದಲೂ ಹೊರರಾಜ್ಯಗಳಿಂದಲೂ ಜನ ಹೋಗಿದ್ದರು. ಮಲೇರಿಯಾವನ್ನು ಇವರೇ ತಂದರು ಎಂಬ ಮಾತು ಸುಲಭವಾಗಿ ಹುಟ್ಟಿತು. ಆದರೆ ಅಲ್ಲಿಯ ಅನಾಫಿಲಿಸ್ ಸೊಳ್ಳೆ ಮರಿ ಮಾಡುವುದು ಮಹಡಿಯ ಮೇಲಿನ ನೀರಿನ ಟ್ಯಾಂಕುಗಳಲ್ಲಿ, ಕಾಂಕ್ರೀಟು ಗಟ್ಟಿಯಾಗಲೆಂದು ನಿಲ್ಲಿಸಿದ ನೀರಿನಲ್ಲಿ. ಆ ನೀರನ್ನು ನಿಲ್ಲಿಸಿದವನು ಕಟ್ಟಡದ ಒಡೆಯ; ಅದರ ಪಕ್ಕದಲ್ಲಿ ಪರದೆಯಿಲ್ಲದೆ ಮಲಗಿದವನು ಕೂಲಿಯವನು. ಸೊಳ್ಳೆ ಮೊದಲು ಕಚ್ಚಿದ್ದು ಅವನನ್ನೇ. 2015ರಲ್ಲಿ ಮಂಗಳೂರಿನಲ್ಲಿ ಪ್ರತಿಯೊಂದು ಮಲೇರಿಯಾ ಪ್ರಕರಣವನ್ನೂ ಕೈಗಣಕದಲ್ಲಿ ಸ್ಥಳದೊಂದಿಗೆ ಗುರುತಿಸಿ, ಆ ಸ್ಥಳಕ್ಕೆ ಹೋಗಿ ಸೊಳ್ಳೆಯ ನೆಲೆಯನ್ನು ನಾಶಮಾಡಿ, ರೋಗಿ ಗುಳಿಗೆ ಮುಗಿಸುವವರೆಗೆ ಬೆನ್ನು ಹತ್ತುವ ವ್ಯವಸ್ಥೆಯನ್ನು ಜಾರಿಗೆ ತಂದರು. ಮುಂದಿನ ವರ್ಷಗಳಲ್ಲಿ ಅಲ್ಲಿ ಮಲೇರಿಯಾ ಗಣನೀಯವಾಗಿ ಇಳಿಯಿತು. ಅಲ್ಲಿ ಎಣಿಕೆಯು ನೀರು ನಿಂತ ಜಾಗದವರೆಗೂ ಹೋಯಿತು ಎಂಬುದನ್ನು ಗಮನಿಸಬೇಕು.

ಇದರಲ್ಲಿ ನಮ್ಮವರಿಗೆ ಸಂಬಂಧಿಸಿದ ಒಂದು ಸೂಕ್ಷ್ಮವಿದೆ. ವೈವಾಕ್ಸ್ ಎಂಬ ಬಗೆಯ ಮಲೇರಿಯಾ ಪರಾವಲಂಬಿ ಯಕೃತ್ತಿನಲ್ಲಿ ಮಲಗಿದ್ದು, ವಾರಗಳ ಅಥವಾ ತಿಂಗಳುಗಳ ಬಳಿಕ ಮತ್ತೆ ಏಳುತ್ತದೆ. ರಕ್ತದಲ್ಲಿರುವುದನ್ನು ಕೊಲ್ಲಲು 3 ದಿನಗಳ ಕ್ಲೋರೋಕ್ವಿನ್ ಸಾಕು. ಯಕೃತ್ತಿನಲ್ಲಿ ಮಲಗಿರುವುದನ್ನು ಕೊಲ್ಲಲು 14 ದಿನಗಳ ಪ್ರೈಮಾಕ್ವಿನ್ ಬೇಕು. ಗರ್ಭಿಣಿಯರಿಗೂ ಎಳೆಗೂಸುಗಳಿಗೂ ಅದನ್ನು ಕೊಡುವಂತಿಲ್ಲ. ಉಳಿದವರು ವೈದ್ಯರು ಹೇಳಿದಂತೆ ಪೂರ್ತಿ ನುಂಗಬೇಕು. ಮೂರನೆಯ ದಿನಕ್ಕೆ ಜ್ವರ ಇಳಿಯುತ್ತದೆ. ನಾಲ್ಕನೆಯ ದಿನ ಮೇಸ್ತ್ರಿ ಬೇರೆ ಊರಿನ ಕೆಲಸಕ್ಕೆ ಕರೆಯುತ್ತಾನೆ, ಅಥವಾ ಊರಿನಿಂದ ಜಾತ್ರೆಯ ಕರೆ ಬರುತ್ತದೆ. ಗುಳಿಗೆಯ ಪೊಟ್ಟಣ ಶೆಡ್ಡಿನಲ್ಲೇ ಉಳಿಯುತ್ತದೆ. ಎರಡು ತಿಂಗಳ ಬಳಿಕ ತಾಂಡಾದಲ್ಲಿ ಜ್ವರ ಎದ್ದಾಗ ಇದು ಮಂಗಳೂರಿನ ಜ್ವರದ ಬಾಲ ಎಂದು ಊರಿನ ಆಶಾ ಅಕ್ಕನಿಗೆ ಯಾರೂ ಹೇಳುವುದಿಲ್ಲ. ಅಷ್ಟರಲ್ಲಿ ಮಳೆ ಬಿದ್ದಿರುತ್ತದೆ, ಗಣಿಯ ಹೊಂಡಗಳು ತುಂಬಿರುತ್ತವೆ, ಸೊಳ್ಳೆಗಳು ಸಿದ್ಧವಾಗಿರುತ್ತವೆ.

ಇನ್ನೊಂದು ಉದಾಹರಣೆ ಪಶ್ಚಿಮ ಘಟ್ಟದ್ದು. ಆ ಗುಡ್ಡಗಳು ನಮ್ಮ ಗುಡ್ಡಗಳಿಂದ ದೂರವಾದರೂ ಅವುಗಳ ಪಾಠ ನಮಗೂ ಅನ್ವಯಿಸುತ್ತದೆ. 1957ರಲ್ಲಿ ಶಿವಮೊಗ್ಗ ಜಿಲ್ಲೆಯ ಕ್ಯಾಸನೂರು ಕಾಡಿನ ಬಳಿ ಮಂಗಗಳ ಸಾವಿನೊಂದಿಗೆ ಗುರುತಿಸಲ್ಪಟ್ಟ ಮಂಗನ ಕಾಯಿಲೆ ಉಣುಗುಗಳಿಂದ ಹರಡುವ ರೋಗ. 2015ರಲ್ಲಿ ಅದು ಗೋವೆಯ ಸತ್ತರಿ ತಾಲೂಕಿನ ಗೇರು ತೋಟಗಳಲ್ಲಿ ಕಾಣಿಸಿತು. ಅಲ್ಲಿ ಗೇರುಬೀಜ ಆಯಲು ಕರ್ನಾಟಕದಿಂದ ಹೋಗಿದ್ದ ಕೂಲಿಯವರಿಗೂ ಅದು ತಗಲಿತು. ಉಣುಗು ಕಚ್ಚಿದ 3ರಿಂದ 8 ದಿನಗಳ ಬಳಿಕ ಜ್ವರ ಬರುತ್ತದೆ. ಅಷ್ಟರಲ್ಲಿ ಕೆಲಸ ಮುಗಿಸಿದವನು ರಾಜ್ಯದ ಗಡಿ ದಾಟಿ ಮನೆಗೆ ಬಂದಿರಬಹುದು. ಸೋಂಕು ಒಂದು ರಾಜ್ಯದ್ದು, ಜ್ವರ ಇನ್ನೊಂದು ರಾಜ್ಯದ್ದು. ಮಂಗನ ಕಾಯಿಲೆಯ ಹೆಸರನ್ನೇ ಕೇಳದ ಊರಿನ ವೈದ್ಯರು ಅದನ್ನು ಹೇಗೆ ಊಹಿಸಿಯಾರು? “ಜ್ವರ ಎಂದಿನಿಂದ?” ಎಂಬ ಪ್ರಶ್ನೆಯ ಜೊತೆಗೆ “ಕಳೆದ ತಿಂಗಳು ಎಲ್ಲಿ ದುಡಿದಿರಿ, ಏನು ಕೆಲಸ ಮಾಡಿದಿರಿ?” ಎಂಬ ಪ್ರಶ್ನೆಯನ್ನು ಕೇಳಿದರೆ ಮಾತ್ರ ದಾರಿ ಕಾಣುತ್ತದೆ. ಈ ಒಂದು ಪ್ರಶ್ನೆಗೆ ಖರ್ಚಿಲ್ಲ.

ಪ್ರಶ್ನೆಗೆ ಖರ್ಚಿಲ್ಲ ಎಂದೆ. ಆದರೆ ಉತ್ತರಕ್ಕೆ ಧೈರ್ಯ ಬೇಕು. ಆ ಧೈರ್ಯವನ್ನು ನಾವು 2020ರಲ್ಲಿ ಕಳೆದೆವು.

ದೇಶದಲ್ಲಿ ಕೊರೋನಾದಿಂದ ಸಂಭವಿಸಿದ ಮೊದಲ ಸಾವು ನಮ್ಮ ಕಲಬುರಗಿಯದು. 2020ರ ಮಾರ್ಚ್ 10ರಂದು ತೀರಿಕೊಂಡ ಹಿರಿಯರೊಬ್ಬರಿಗೆ ಆ ಸೋಂಕು ಇತ್ತೆಂಬುದು ಎರಡು ದಿನಗಳ ಬಳಿಕ ಖಚಿತವಾಯಿತು. ಆ ತಿಂಗಳಲ್ಲಿಯೇ ಮನೆಯಲ್ಲಿ ಪ್ರತ್ಯೇಕವಾಗಿ ಇರಬೇಕಾದವರ ಮುಂಗೈ ಮೇಲೆ ಶಾಯಿಯ ಮುದ್ರೆ ಒತ್ತಲಾಯಿತು. ಅಂಥವರ ವಿಳಾಸಗಳ ಪಟ್ಟಿಗಳು ರಾಜ್ಯದಲ್ಲಿ ಸಾರ್ವಜನಿಕವಾಗಿ ಪ್ರಕಟವಾದವು. ಮೇ ತಿಂಗಳಲ್ಲಿ ಮಹಾರಾಷ್ಟ್ರದಿಂದ ಸಾವಿರಾರು ಮಂದಿ ಹಿಂತಿರುಗಿದಾಗ ಕಲಬುರಗಿ, ಯಾದಗಿರಿ ಜಿಲ್ಲೆಗಳ ಶಾಲೆಗಳು, ವಸತಿ ನಿಲಯಗಳು ಅವರನ್ನು ಇರಿಸುವ ಕೇಂದ್ರಗಳಾದವು. ದಿನವೂ ಸಂಜೆ ಹೊರಬೀಳುತ್ತಿದ್ದ ಪ್ರಕಟಣೆಯಲ್ಲಿ ಸೋಂಕಿತರ ಮುಂದೆ “ಮಹಾರಾಷ್ಟ್ರದಿಂದ ಹಿಂತಿರುಗಿದವರು” ಎಂದು ಬರೆದಿರುತ್ತಿತ್ತು. ಲೆಕ್ಕದ ದೃಷ್ಟಿಯಿಂದ ಅದು ಸರಿಯಾದ ಮಾಹಿತಿಯೇ. ಆದರೆ ಊರಿನವರು ಅದನ್ನು ಓದಿದ ರೀತಿ ಬೇರೆ. ಹಳ್ಳಿಗಳ ದಾರಿಗೆ ಮುಳ್ಳಿನ ಬೇಲಿ ಬಿತ್ತು. ಹುಟ್ಟಿದ ಊರಿನ ಬಾವಿಯ ನೀರು ಕೇಳಲು ಜನ ಅಂಜಿದರು.

ಇಲ್ಲಿ ನಾನೊಂದು ತಪ್ಪನ್ನು ಒಪ್ಪಿಕೊಳ್ಳಬೇಕು. ಆ ದಿನಗಳಲ್ಲಿ ನಮ್ಮ ಊರಿಗೆ ಹಿಂತಿರುಗಿದವರ ಪಟ್ಟಿ ಮಾಡಲು ಓದುಬರಹ ಬಲ್ಲವರು ಬೇಕಾಗಿದ್ದರು. ನಾನೇ ಮುಂದಾಗಿ ಬರೆದುಕೊಟ್ಟೆ. ಹೆಸರು, ತಂದೆಯ ಹೆಸರು, ಎಲ್ಲಿಂದ ಬಂದದ್ದು, ಕೆಮ್ಮು-ಜ್ವರ ಉಂಟೋ ಇಲ್ಲವೋ ಎಲ್ಲವನ್ನೂ ಅಚ್ಚುಕಟ್ಟಾಗಿ ಗೆರೆ ಎಳೆದು ಬರೆದೆ. ಬೆಳೆಯ ರೋಗದ ಪಟ್ಟಿ ಬರೆಯುವ ಕೈಯೇ ಅದು. ಮರುದಿನ ಆ ಹಾಳೆ ಊರ ನಡುವಿನ ಗೋಡೆಯ ಮೇಲಿತ್ತು. ಅಂಟಿಸಿದವರು ಯಾರೇ ಇರಲಿ, ಇದನ್ನು ಎಲ್ಲಿ ಇಡುತ್ತೀರಿ ಎಂದು ಕೇಳಬೇಕಾಗಿದ್ದವನು ನಾನು, ನಾನು ಕೇಳಿರಲಿಲ್ಲ.

ಆ ಪಟ್ಟಿಯಲ್ಲಿ ಮುಂಬೈಯಿಂದ ಬಂದಿದ್ದ ಒಬ್ಬ ಹುಡುಗನ ಹೆಸರಿತ್ತು. ಕಟ್ಟಡದ ಕೆಲಸಗಾರ. ಅವನಿಗೆ ಅಲ್ಲಿಯೇ ಕ್ಷಯ ಎಂದು ತಿಳಿದು ನಾಲ್ಕು ತಿಂಗಳಿಂದ ಗುಳಿಗೆ ನಡೆದಿತ್ತು. ಊರಿಗೆ ಬರುವ ಗಡಿಬಿಡಿಯಲ್ಲಿ ಗುಳಿಗೆ ಮುಗಿದುಹೋಯಿತು. ಗೋಡೆಯ ಮೇಲೆ ತನ್ನ ಹೆಸರನ್ನು ಕಂಡವನು ಕೆಮ್ಮನ್ನು ಅಡಗಿಸಲು ಕಲಿತ. ಹಗಲೆಲ್ಲ ಹೊಲದಲ್ಲಿ ಒಬ್ಬನೇ ಇರುತ್ತಿದ್ದ. ಆಶಾ ಅಕ್ಕ ಕೇಳಿದಾಗಲೆಲ್ಲ “ಏನೂ ಇಲ್ಲ ಅಕ್ಕಾ, ಆರಾಮ ಇದ್ದೇನೆ” ಎನ್ನುತ್ತಿದ್ದ. ದಸರೆಯ ಹೊತ್ತಿಗೆ ಅವನ ತಾಯಿ ಕೆಮ್ಮತೊಡಗಿದರು. ಆಮೇಲೆ ಇಬ್ಬರ ಕಫ ಪರೀಕ್ಷೆಯಾಗಿ, ಇಬ್ಬರೂ ಔಷಧ ಪೂರ್ಣಗೊಳಿಸಿ ಗುಣವಾದರು ಎಂಬುದೇ ಸಮಾಧಾನ. ಆದರೆ ಆ ತಾಯಿಗೆ ರೋಗ ಬರಬೇಕಾಗಿರಲಿಲ್ಲ. ನಾನು ರೋಗವನ್ನು ಹುಡುಕಲು ಬರೆದ ಪಟ್ಟಿ, ರೋಗವನ್ನು ಅಡಗಿಸುವ ಪಟ್ಟಿಯಾಯಿತು.

ಇದು ಹೊಸ ಕಥೆಯೇನಲ್ಲ. 1896ರಲ್ಲಿ ಮುಂಬೈಗೆ ಪ್ಲೇಗು ಬಂದಾಗ ಬ್ರಿಟಿಷ್ ಸರ್ಕಾರ 1897ರಲ್ಲಿ ಸಾಂಕ್ರಾಮಿಕ ರೋಗಗಳ ಕಾಯಿದೆಯನ್ನು ತಂದಿತು. ರೈಲು ನಿಲ್ದಾಣಗಳಲ್ಲಿ ಪ್ರಯಾಣಿಕರನ್ನು ಇಳಿಸಿ ತಪಾಸಣೆ ಮಾಡಿದರು, ಮನೆಗಳಿಗೆ ನುಗ್ಗಿ ಶೋಧಿಸಿದರು, ಜನರನ್ನು ಬಲವಂತವಾಗಿ ಶಿಬಿರಗಳಿಗೆ ಸಾಗಿಸಿದರು. ಜನ ರೋಗಿಗಳನ್ನು ಅಡಗಿಸಿಟ್ಟರು, ರಾತ್ರೋರಾತ್ರಿ ಊರು ಬಿಟ್ಟರು. ಪ್ಲೇಗು ನಿಲ್ಲಲಿಲ್ಲ, ಹುಬ್ಬಳ್ಳಿ ಧಾರವಾಡಗಳವರೆಗೆ ಬಂದು ಅಲ್ಲಿಯೂ ಅಪಾರ ಸಾವುನೋವಿಗೆ ಕಾರಣವಾಯಿತು. 2020ರಲ್ಲಿ ದೇಶ ಕೈಗೆತ್ತಿಕೊಂಡದ್ದು ಅದೇ 1897ರ ಕಾಯಿದೆಯನ್ನು.

ಇನ್ನು ಇದಕ್ಕೆ ವಿರುದ್ಧವಾದ ಚಿತ್ರವನ್ನೂ ನಮ್ಮ ದೇಶವೇ ಕಂಡಿದೆ. ಪೋಲಿಯೋ ನಿರ್ಮೂಲನದ ಕೊನೆಯ ವರ್ಷಗಳಲ್ಲಿ ವಲಸೆ ಕುಟುಂಬಗಳ ಮಕ್ಕಳು ತಪ್ಪಿಹೋಗುತ್ತಿದ್ದಾರೆಂಬುದು ಕಾರ್ಯಕ್ರಮ ನಡೆಸುವವರಿಗೆ ಅರಿವಾಯಿತು. ಆಗ ಅವರು ಇಟ್ಟಿಗೆ ಭಟ್ಟಿಗಳಿಗೆ, ಕಟ್ಟಡದ ಶೆಡ್ಡುಗಳಿಗೆ, ಅಲೆಮಾರಿಗಳ ಗುಡಾರಗಳಿಗೆ ಹೋದರು. ರೈಲು ನಿಲ್ದಾಣ, ಬಸ್ ನಿಲ್ದಾಣಗಳಲ್ಲಿ ನಿಂತು ಹಾದುಹೋಗುವ ಮಕ್ಕಳಿಗೆ ಎರಡು ಹನಿ ಹಾಕಿ ಎಡಗೈಯ ಕಿರುಬೆರಳಿಗೆ ಶಾಯಿ ಹಚ್ಚಿದರು. ದೇಶದ ಕೊನೆಯ ಪೋಲಿಯೋ ಪ್ರಕರಣ 2011ರ ಜನವರಿಯದು. 2014ರ ಮಾರ್ಚ್ 27ರಂದು ಭಾರತ ಪೋಲಿಯೋಮುಕ್ತವೆಂದು ಪ್ರಮಾಣೀಕೃತವಾಯಿತು.

ಮಿತ್ರರೇ, ಈ ಎರಡು ಶಾಯಿ ಗುರುತುಗಳನ್ನು ಒಂದರ ಪಕ್ಕ ಒಂದು ಇಟ್ಟು ನೋಡಿ. ಒಂದು ಮಗುವಿನ ಕಿರುಬೆರಳಿನದು. ಮಗು ಅದನ್ನು ಊರೆಲ್ಲ ತೋರಿಸುತ್ತ ಓಡಾಡುತ್ತಿತ್ತು. ಇನ್ನೊಂದು 2020ರ ಮುಂಗೈಯದು. ಅದನ್ನು ಧರಿಸಿದವನು ಅಂಗಿಯ ತೋಳನ್ನು ಕೆಳಗೆಳೆದು ಮುಚ್ಚಿಕೊಳ್ಳುತ್ತಿದ್ದ. ಎರಡೂ ಎಣಿಕೆಯ ಗುರುತುಗಳೇ, ಎರಡೂ ಸಮಾಜದ ಹಿತಕ್ಕಾಗಿ ಹಾಕಿದವೇ. ಮೊದಲನೆಯದರಲ್ಲಿ ಹನಿ ಮೊದಲು ಬಿತ್ತು, ಗುರುತು ಆಮೇಲೆ ಬಂತು. ಎರಡನೆಯದರಲ್ಲಿ ಗುರುತು ಮಾತ್ರ ಬಂತು. ಹಸಿದವನಿಗೆ ಊಟ, ಕೂಲಿ ಕಳೆದುಕೊಂಡವನಿಗೆ ಆಸರೆ, ಕೆಮ್ಮುವವನಿಗೆ ಗುಳಿಗೆ ಇವು ಬಹಳ ಕಡೆ ತಡವಾದವು. ಆರೈಕೆ ಮುಂದೆ ಹೋಗಿ ಎಣಿಕೆ ಅದರ ಹಿಂದೆ ಬಂದರೆ ಜನ ತಾವಾಗಿಯೇ ಲೆಕ್ಕಕ್ಕೆ ಸಿಗುತ್ತಾರೆ. ಎಣಿಕೆ ಒಂದೇ ಮುಂದೆ ನಡೆದರೆ ಜನ ಅಡಗುತ್ತಾರೆ, ಅವರೊಂದಿಗೆ ರೋಗವೂ ಅಡಗುತ್ತದೆ.

ನಮ್ಮ ಪರಿಸರ ಬಳಗದಲ್ಲಿ ಈ ಮಾತಿಗೆ ಏಕೆ ಜಾಗ ಎಂದು ಕೆಲವರು ಕೇಳಬಹುದು. ವಲಸೆಯೂ ರೋಗವೂ ನೆಲ-ಜಲದಿಂದಲೇ ಹುಟ್ಟುತ್ತವೆ ಎಂಬುದು ಅದಕ್ಕೆ ಉತ್ತರ. ಗುಡ್ಡದ ಮೇಲ್ಮಣ್ಣು ಕೊಚ್ಚಿಹೋದಷ್ಟೂ ತೊಗರಿಯ ಇಳುವರಿ ಇಳಿಯುತ್ತದೆ, ಇಳುವರಿ ಇಳಿದಷ್ಟೂ ರೈಲು ಹತ್ತುವವರು ಹೆಚ್ಚುತ್ತಾರೆ. ಕಲ್ಲು ತೆಗೆದು ಬಿಟ್ಟುಹೋದ ಗಣಿಯ ಹೊಂಡಗಳು ಮಳೆಗಾಲದಲ್ಲಿ ತುಂಬಿ ನಿಲ್ಲುತ್ತವೆ. ಹಳ್ಳಿಗಾಡಿನ ಮಲೇರಿಯಾ ಸೊಳ್ಳೆಗೆ ಅಂಥ ನಿಂತ ತಿಳಿನೀರು ಬಲು ಪ್ರಿಯ. ಆ ಹೊಂಡಗಳನ್ನು ಮುಚ್ಚುವ, ಇಲ್ಲವೇ ಕೆರೆಯಾಗಿ ಕಾಪಾಡುವ ಹೊಣೆ ಕಲ್ಲು ತೆಗೆದವರದು. ಸೊಳ್ಳೆಯ ಮರಿಗಳನ್ನು ತಿನ್ನುವ ಗಪ್ಪಿ, ಗಂಬೂಸಿಯಾ ಮೀನುಗಳನ್ನು ಮುಚ್ಚಿದ ತೊಟ್ಟಿಗಳಲ್ಲಿ, ಹೊರಹರಿವಿಲ್ಲದ ಹೊಂಡಗಳಲ್ಲಿ ಬಿಡಬಹುದು. ಕಾಗಿಣಾ, ಮುಲ್ಲಾಮಾರಿಗಳಿಗೆ ಸೇರುವ ಹಳ್ಳಗಳಲ್ಲಿ ಮಾತ್ರ ಬಿಡಬಾರದು. ಹೊರಗಿನಿಂದ ಬಂದ ಈ ಮೀನುಗಳು ನಮ್ಮ ಹಳ್ಳದ ಮೀನುಗಳನ್ನು ಹಾಳುಮಾಡುತ್ತವೆ.

ಹಾಗಾದರೆ ನಾವು ಮಾಡಬಹುದಾದದ್ದು ಏನು? ದೊಡ್ಡ ಯೋಜನೆಗಳ ಮಾತು ನಾನು ಆಡುವುದಿಲ್ಲ. ನಾಲ್ಕು ಕೆಲಸಗಳನ್ನು ಹೇಳುತ್ತೇನೆ.

ಮೊದಲನೆಯದು, ಪ್ರತಿ ತಾಂಡಾ, ಪ್ರತಿ ಹಳ್ಳಿ ತನ್ನ ಹೋಗಿಬರುವ ಪಂಚಾಂಗವನ್ನು ತಾನೇ ಬರೆಯಲಿ. ಯಾವ ತಿಂಗಳು ಎಷ್ಟು ಮನೆಗಳು ಹೊರಡುತ್ತವೆ, ಯಾವ ಊರಿಗೆ, ಯಾವ ಕೆಲಸಕ್ಕೆ, ಯಾವಾಗ ಹಿಂತಿರುಗುತ್ತವೆ ಎಂಬಷ್ಟೇ ಅದರಲ್ಲಿರಲಿ; ಒಬ್ಬರ ಹೆಸರೂ ಬೇಡ. ತಾಂಡಾದ ನಾಯಕರು, ಕಾರಭಾರಿಗಳು, ಹೆಣ್ಣುಮಕ್ಕಳ ಸಂಘಗಳು ಕುಳಿತರೆ ಒಂದು ಸಂಜೆಯ ಕೆಲಸ. ಆ ಪಂಚಾಂಗವನ್ನು ಪ್ರಾಥಮಿಕ ಆರೋಗ್ಯ ಕೇಂದ್ರಕ್ಕೆ ಕೊಟ್ಟು, ಗುಳಿಗೆ ನುಂಗಿಸುವ ಕಾರ್ಯಕ್ರಮವನ್ನೂ ಲಸಿಕೆಯ ದಿನವನ್ನೂ ಜನ ಊರಲ್ಲಿರುವ ತಿಂಗಳಿಗೆ ಇರಿಸಿರೆಂದು ಕೇಳೋಣ. ತೊಗರಿಯ ಬಿತ್ತನೆಗೆ ಹದ ನೋಡುವ ನಾವು ಆರೋಗ್ಯಕ್ಕೂ ಹದ ನೋಡಬೇಕು.

ಎರಡನೆಯದು, ಔಷಧವೂ ವಲಸೆ ಹೋಗಲಿ. ಕ್ಷಯದ ಚಿಕಿತ್ಸೆ ಸಾಮಾನ್ಯವಾಗಿ 6 ತಿಂಗಳದು. 2012ರಿಂದ ನಿಕ್ಷಯ್ ಎಂಬ ವ್ಯವಸ್ಥೆಯಲ್ಲಿ ಪ್ರತಿ ರೋಗಿಗೂ ಒಂದು ಸಂಖ್ಯೆ ಸಿಗುತ್ತದೆ. ಆ ಸಂಖ್ಯೆಯೊಂದಿಗೆ ದೇಶದ ಯಾವ ಸರ್ಕಾರಿ ಆರೋಗ್ಯ ಕೇಂದ್ರದಲ್ಲಾದರೂ ಚಿಕಿತ್ಸೆಯನ್ನು ಮುಂದುವರಿಸಬಹುದು. 2018ರಲ್ಲಿ ಪೌಷ್ಟಿಕ ಆಹಾರಕ್ಕೆಂದು ತಿಂಗಳಿಗೆ 500 ರೂಪಾಯಿ ಕೊಡುವುದು ಆರಂಭವಾಗಿ, 2024ರ ನವೆಂಬರಿನಿಂದ ಅದು 1,000 ರೂಪಾಯಿಗೆ ಏರಿದೆ. ಆ ಹುಡುಗನಿಗೆ ತನ್ನ ಸಂಖ್ಯೆ ಊರಲ್ಲೂ ನಡೆಯುತ್ತದೆಂದು ಯಾರೂ ಹೇಳಿರಲಿಲ್ಲ. ಹೊರಡುವ ಪ್ರತಿ ಕುಟುಂಬಕ್ಕೂ ಇದನ್ನು ಹೇಳಿ ಕಳಿಸೋಣ. ಊರಿನ ಆಶಾ ಅಕ್ಕನ ಫೋನ್ ಸಂಖ್ಯೆ ಅವರ ಬಳಿ ಇರಲಿ.

ಮೂರನೆಯದು, ಹಿಂತಿರುಗಿದವರಲ್ಲಿ ಜ್ವರ ಬಂದರೆ ಅದೇ ದಿನ ರಕ್ತಪರೀಕ್ಷೆ. ಎರಡು ವಾರ ಮೀರಿದ ಕೆಮ್ಮಿದ್ದರೆ ಕಫದ ಪರೀಕ್ಷೆ. ಅಕ್ಕ ಹಗಲಲ್ಲಿ ಬಂದು ಬೀಗ ನೋಡಿ ಹೋಗುವ ಬದಲು ದೀಪ ಹಚ್ಚುವ ಹೊತ್ತಿಗೆ, ಇಲ್ಲವೇ ಸಂತೆಯ ದಿನ ಬರಲಿ. ಆಕೆಯ ಮೇಲೆ ಈಗಾಗಲೇ ಹೊರೆ ಹೆಚ್ಚು. ಕತ್ತಲಲ್ಲಿ ಆಕೆಯ ಜೊತೆಗೆ ನಡೆಯುವುದು ಊರಿನವರ ಕರ್ತವ್ಯ.

ನಾಲ್ಕನೆಯದು, ಹೆಸರಿನ ಕಾವಲು. ರೋಗಿಯ ಹೆಸರು ಆರೋಗ್ಯ ಕಾರ್ಯಕರ್ತೆ ಮತ್ತು ವೈದ್ಯರ ನಡುವೆ ಉಳಿಯಬೇಕು. ಇದು ಅಸಾಧ್ಯವೇನಲ್ಲ. ಎಚ್‌ಐವಿ ಸೋಂಕಿನ ಸರ್ವೇಕ್ಷಣೆಯಲ್ಲಿ ವರ್ಷಗಳ ಕಾಲ ಹೆಸರು ತೆಗೆದುಹಾಕಿದ ರಕ್ತದ ಮಾದರಿಗಳಿಂದಲೇ ಸೋಂಕಿನ ಏರಿಳಿತವನ್ನು ತಿಳಿದರು. 2017ರ ಕಾನೂನು ಆ ಸೋಂಕಿತರ ಗೋಪ್ಯತೆಗೆ ರಕ್ಷಣೆ ಕೊಟ್ಟಿದೆ. ಉಳಿದ ರೋಗಗಳಿಗೂ ಅದೇ ಮರ್ಯಾದೆ ಸಲ್ಲಬೇಕು. ಗೋಡೆಯ ಮೇಲೆ ಪಟ್ಟಿ ಅಂಟಿಸುವುದಿಲ್ಲ ಎಂಬ ಒಂದು ಠರಾವನ್ನು ನಮ್ಮ ಗ್ರಾಮಸಭೆಗಳು ಮಾಡಲಿ.

ವಿದ್ಯಾರ್ಥಿ ಮಿತ್ರರಿಗೆ ಒಂದು ಮಾತು. ನಿಮ್ಮಲ್ಲಿ ಹಿಂದಿ ಬಲ್ಲವರು ಅನೇಕರಿದ್ದೀರಿ. ವಾಡಿ, ಸೇಡಂಗಳ ಕಾರ್ಮಿಕರ ಶೆಡ್ಡುಗಳಿಗೆ ಆರೋಗ್ಯ ಕಾರ್ಯಕರ್ತೆ ಹೋಗುವಾಗ ಜೊತೆಗೆ ಹೋಗಿ. ಅಲ್ಲಿ ಜ್ವರದಲ್ಲಿ ಮಲಗಿದವನಿಗೆ ಅವನಿಗೆ ತಿಳಿಯುವ ಮಾತಿನಲ್ಲಿ ಗುಳಿಗೆಯ ಲೆಕ್ಕ ಹೇಳಿ. ಕುಡಿಯುವ ನೀರಿನ ಡ್ರಮ್ಮಿಗೆ ಮುಚ್ಚಳ ಇದೆಯೇ, ಮಲಗುವಲ್ಲಿ ಸೊಳ್ಳೆಪರದೆ ಇದೆಯೇ, ಶೌಚಾಲಯ ಇದೆಯೇ ಎಂದು ನೋಡಿ ಬರೆದುಕೊಳ್ಳಿ. 1979ರ ಅಂತರರಾಜ್ಯ ವಲಸೆ ಕಾರ್ಮಿಕರ ಕಾಯಿದೆ ಗುತ್ತಿಗೆದಾರರು ವಸತಿಯನ್ನೂ ಉಚಿತ ವೈದ್ಯಕೀಯ ನೆರವನ್ನೂ ಒದಗಿಸಬೇಕೆಂದು ಹೇಳಿತ್ತು. ಆ ಮಾತು ಎಷ್ಟೋ ಶೆಡ್ಡುಗಳಿಗೆ ತಲುಪಲೇ ಇಲ್ಲ. ಚಿಂಚೋಳಿಯಿಂದ ಮಂಗಳೂರಿಗೆ ಹೋದವನು ರಾಜ್ಯದ ಗಡಿ ದಾಟದ ಕಾರಣ ಆ ಕಾಯಿದೆಯ ಲೆಕ್ಕಕ್ಕೇ ಬರಲಿಲ್ಲ. ನೀವು ಶೆಡ್ಡಿನ ಸ್ಥಿತಿಯನ್ನು ಬರೆದುಕೊಂಡರೆ ಅದೂ ಸರ್ವೇಕ್ಷಣೆಯೇ. ರೋಗಿಯನ್ನು ಎಣಿಸುವ ಮೊದಲು ರೋಗದ ಕಾರಣಗಳನ್ನು ಎಣಿಸುವುದು ಒಳ್ಳೆಯ ವಿಜ್ಞಾನದ ಲಕ್ಷಣ.

ಕೊನೆಯದಾಗಿ ನನ್ನ ವಿದ್ಯೆಗೇ ಮರಳುತ್ತೇನೆ. ತೊಗರಿಗೆ ಗೊಡ್ಡುರೋಗ ಬರುತ್ತದೆ. ಗಿಡ ಹಸಿರಾಗಿಯೇ ಇರುತ್ತದೆ, ಹೂ ಕಾಯಿ ಮಾತ್ರ ಬಿಡುವುದಿಲ್ಲ. ಕಣ್ಣಿಗೆ ಕಾಣದಷ್ಟು ಸಣ್ಣ ನುಸಿ ಗಾಳಿಯಲ್ಲಿ ತೇಲಿಬಂದು ಆ ರೋಗವನ್ನು ಹರಡುತ್ತದೆ. ಹಿಂದಿನ ಹಂಗಾಮಿನ ಕೂಳೆ ತೊಗರಿಯನ್ನು ಬದುವಿನಲ್ಲಿ ಉಳಿಸಿಕೊಂಡರೆ ಅದರಲ್ಲಿ ನುಸಿಯೂ ರೋಗವೂ ಉಳಿದುಕೊಳ್ಳುತ್ತವೆ. ಗಾಳಿಯನ್ನು ನಿಲ್ಲಿಸಲು ಯಾವ ರೈತನೂ ಬೇಲಿ ಹಾಕುವುದಿಲ್ಲ. ತನ್ನ ಬದುವಿನ ಕೂಳೆಯನ್ನು ಕಿತ್ತುಹಾಕುತ್ತಾನೆ, ರೋಗ ತಡೆಯುವ ತಳಿಯನ್ನು ಬಿತ್ತುತ್ತಾನೆ. ದುಡಿಮೆಗಾಗಿ ಹೋಗಿಬರುವ ಜನರ ದಾರಿಗೂ ಬೇಲಿ ಹಾಕಲಾಗದು. ಕೀಳಬೇಕಾದ ಕೂಳೆ ನಮ್ಮ ಬದುವಿನಲ್ಲೇ ಇದೆ: ನಿಂತ ನೀರು, ಗಾಳಿಯಿಲ್ಲದ ಶೆಡ್ಡು, ಅರ್ಧಕ್ಕೆ ನಿಂತ ಗುಳಿಗೆ, ಗೋಡೆಯ ಮೇಲಿನ ಪಟ್ಟಿ.

ಈ ವರ್ಷವೂ ರಾಶಿ ಮುಗಿದ ಮೇಲೆ ನಮ್ಮ ಜನ ಹೊರಡುತ್ತಾರೆ. ಮುಂಗಾರಿನ ಮುನ್ನ ಅವರು ಹಿಂತಿರುಗಿದಾಗ ಊರಿನ ಮೊದಲ ಮಾತು “ಏನು ರೋಗ ತಂದಿರಿ?” ಎಂದಾಗದೆ “ಆರಾಮ ಇದ್ದೀರಾ? ಜ್ವರಗಿರ ಬಂದಿತ್ತೇನು? ಗುಳಿಗೆ ಮುಗಿಸಿದಿರಾ?” ಎಂದಾಗಲಿ. ಆ ಪ್ರಶ್ನೆಗೆ ಅಂಜದೆ ಉತ್ತರ ಹೇಳುವ ಊರನ್ನು ಕಟ್ಟಿದರೆ ಅದೇ ನಮ್ಮ ಕಾವಲು.